ಬಿಸಿಯಾದ ಬ್ರೇಕ್‌ಗೆ ನೀರು ಸುರಿದರೆ ಸಾಕೇ? ಹಳೆಯ ಟೆಂಪೋದ ದೋಷ ಪತ್ತೆ ಮಾಡುವುದು ಹೀಗೆ

‘ಘಾಟ್ ಇಳಿಯುವಾಗ ಚಕ್ರದಿಂದ ಹೊಗೆ ಬಂದರೆ ಗಾಬರಿ ಬೇಡ, ಒಂದು ಬಕೆಟ್ ನೀರು ಸುರಿದು ಮುಂದೆ ಹೋಗಿ.’ ಈ ಸಲಹೆ ಮೊಬೈಲ್‌ನಲ್ಲೂ ಸಿಗುತ್ತದೆ, ಡಾಬಾದ ಮುಂದೆಯೂ ಸಿಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಹಳೆಯ ಟೆಂಪೋ ಟ್ರಾವೆಲರ್‌ಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕಟ್ಟಿಸಿಕೊಂಡು ಮನೆಮಂದಿಯೆಲ್ಲ ಗೋವಾಕ್ಕೆ ಹೊರಡುವವರು ಇದನ್ನು ನಂಬುವ ಮೊದಲು ಸ್ವಲ್ಪ ನಿಲ್ಲಬೇಕು. ನೀರು ಸುರಿಯುವುದು ತಪ್ಪು. ಬ್ರೇಕ್ ಏಕೆ ಬಿಸಿಯಾಯಿತು ಎಂದು ನೋಡದೆ ಮುಂದೆ ಹೋಗುವುದು ಇನ್ನೂ ದೊಡ್ಡ ತಪ್ಪು.

ಬ್ರೇಕ್ ಒತ್ತಿದಾಗ ಗಾಡಿಯ ವೇಗ ಶಾಖವಾಗಿ ಬದಲಾಗುತ್ತದೆ. 4 ಟನ್ ತೂಕದ ಗಾಡಿಯನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 2 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅದೇ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ನಂಬಿ ಇಳಿದರೆ 65 ಲೀಟರ್‌ಗೂ ಹೆಚ್ಚು ನೀರು ಕುದಿಸುವಷ್ಟು ಶಾಖ ಹುಟ್ಟುತ್ತದೆ. ಸಂಕೇಶ್ವರ, ಆಜರಾ ದಾಟಿ ಗೋವಾ ಕಡೆ ಹೋಗುವಾಗ ಸಿಗುವ ಅಂಬೋಲಿ ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದೆ. ಮೇಲೆ 300 ಲೀಟರ್ ಟ್ಯಾಂಕ್ ತುಂಬಿಸಿದ್ದರೆ 300 ಕಿಲೋ ಹೆಚ್ಚುವರಿ ಭಾರ.

ಹಾಗಾದರೆ ಘಾಟ್‌ನಲ್ಲಿ ಬಿಸಿಯಾದದ್ದು ಇಳಿಜಾರಿನಿಂದಲೋ, ಗಾಡಿಯ ದೋಷದಿಂದಲೋ? ಇದನ್ನು ಘಾಟ್‌ನಲ್ಲಿ ನಿಂತು ಹೇಳುವುದು ಕಷ್ಟ. ಅದಕ್ಕೆ ಅಥಣಿ, ಕಾಗವಾಡ ಭಾಗದ ಸಪಾಟು ರಸ್ತೆಯೇ ಒಳ್ಳೆಯದು. ಸಂಚಾರ ಕಡಿಮೆ ಇರುವಾಗ 10–15 ಕಿ.ಮೀ. ಓಡಿಸಿ, ಅಗತ್ಯ ಬಿದ್ದರಷ್ಟೇ ಬ್ರೇಕ್ ಹಿಡಿಯಿರಿ. ಕೊನೆಗೆ ಗೇರ್ ಇಳಿಸುತ್ತ ವೇಗ ತಗ್ಗಿಸಿ ನಿಲ್ಲಿಸಿ. ಬ್ರೇಕ್ ಬಳಸದಿದ್ದರೂ ಯಾವುದಾದರೂ ಚಕ್ರ ಕಾದಿದ್ದರೆ ಅಲ್ಲಿ ಏನೋ ಹಿಡಿದುಕೊಂಡಿದೆ ಎಂದರ್ಥ. ಒಂದೇ ಆಕ್ಸಲ್‌ನ ಎಡ, ಬಲ ಚಕ್ರಗಳನ್ನು ಹೋಲಿಸಿ. ಮುಂದಿನ ಬ್ರೇಕ್‌ಗಳು ಹೆಚ್ಚು ಕೆಲಸ ಮಾಡುವುದರಿಂದ ಹಿಂದಿನವುಗಳ ಜೊತೆ ಹೋಲಿಸಬೇಡಿ. ಚಕ್ರ ಮುಟ್ಟದೆ, ಅಂಗೈಯನ್ನು ದೂರದಲ್ಲೇ ಹಿಡಿದು ನೋಡಿ. ಕೊರೊನಾ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ಉಪಯೋಗವಿಲ್ಲ. ಅದು ಮೈಜ್ವರ ಅಳೆಯಲು ಮಾಡಿದ್ದು, ಬ್ರೇಕ್‌ನ ಬಿಸಿ ಅದರ ಅಳತೆಗೆ ಸಿಗುವುದಿಲ್ಲ. ಗ್ಯಾರೇಜ್‌ಗಳಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ ಬೇರೆ.

ಯಾವ ಚಕ್ರ ಕಾದಿದೆ?

ಒಂದೇ ಚಕ್ರ ಬಿಸಿಯಾಗಿದ್ದರೆ ದೋಷ ಅಲ್ಲೇ ಸುತ್ತಮುತ್ತ ಇರುತ್ತದೆ: ತುಕ್ಕು ಹಿಡಿದ ಕ್ಯಾಲಿಪರ್ ಪಿಸ್ಟನ್, ಗ್ರೀಸ್ ಒಣಗಿದ ಪಿನ್, ಅಂಟಿಕೊಂಡ ವೀಲ್ ಸಿಲಿಂಡರ್. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇವು ಸಾಮಾನ್ಯ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಟ್ಟಿದೆಯೇ ನೋಡಿಸಿ. ಚಕ್ರ ಅಲುಗಾಡುತ್ತಿದ್ದರೆ, ಗುರ್‌ ಎನ್ನುತ್ತಿದ್ದರೆ ಬ್ರೇಕ್‌ಗಿಂತ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಎರಡೂ ಮುಂದಿನ ಚಕ್ರ ಅಥವಾ ನಾಲ್ಕೂ ಕಾದಿದ್ದರೆ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಅಥವಾ ಆಟವೇ ಇಲ್ಲದಂತೆ ಬಿಗಿಯಾದ ಪೆಡಲ್ ಕಾರಣ. ಚಾಲಕರ ಕಾಲು ಸದಾ ಪೆಡಲ್ ಮೇಲೇ ಇರುತ್ತದೆಯೇ ಎಂಬುದನ್ನೂ ಒಮ್ಮೆ ಗಮನಿಸಿ. ಹೇಳಲು ಮುಜುಗರ, ಆದರೆ ರಿಪೇರಿ ಖರ್ಚು ಉಳಿಯುತ್ತದೆ.

ಹಳೆಯ ಗಾಡಿಯಲ್ಲಿ ಹೆಚ್ಚು ಜನ ಮರೆಯುವುದು ರಬ್ಬರ್ ಹೋಸ್ ಪೈಪ್. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಚಕ್ರದ ಕಡೆ ಹೋಗುತ್ತದೆ, ಕಾಲು ತೆಗೆದರೆ ಬೇಗ ಹಿಂದಿರುಗುವುದಿಲ್ಲ. ಇದಕ್ಕೆ ಸುಲಭ ಪರೀಕ್ಷೆ ಇದೆ. ಗಾಡಿ ತಣ್ಣಗಾದ ಮೇಲೂ ಚಕ್ರ ಹಿಡಿದೇ ಇದ್ದರೆ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಮೆಕ್ಯಾನಿಕ್ ಆ ಚಕ್ರದ ಬ್ಲೀಡಿಂಗ್ ನಿಪ್ಪಲ್ ಸಡಿಲಿಸಬೇಕು. ಕೂಡಲೇ ಚಕ್ರ ಸಲೀಸಾಗಿ ತಿರುಗಿದರೆ ಆಯಿಲ್ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ ನೋಡಿ. ಆಗಲೂ ತಿರುಗದಿದ್ದರೆ ಪಿಸ್ಟನ್, ಪಿನ್, ಕೇಬಲ್ ನೋಡಿ. ಪರೀಕ್ಷೆ ಮುಗಿದ ಮೇಲೆ ಗಾಳಿ ತೆಗೆಯದೆ ಗಾಡಿ ಹೊರಗೆ ತರಬಾರದು. (ಇದೆಲ್ಲ ಆಯಿಲ್ ಬ್ರೇಕ್‌ನ ಮಾತು. ದೊಡ್ಡ ಬಸ್‌ಗಳ ಏರ್ ಬ್ರೇಕ್ ವ್ಯವಸ್ಥೆ ಬೇರೆ.)

‘ಬ್ರೇಕ್ ಆಯಿಲ್’ ಎಂಬ ಹೆಸರೇ ಒಂದು ತೊಂದರೆ. ಡಾಟ್ 3, ಡಾಟ್ 4 ಎಂದು ಸಿಗುವ ಈ ದ್ರವ ಎಂಜಿನ್ ಆಯಿಲ್ ಜಾತಿಯದಲ್ಲ. ‘ಆಯಿಲ್ ತಾನೇ’ ಎಂದು ಎಂಜಿನ್ ಅಥವಾ ಸ್ಟೀರಿಂಗ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಊದಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಇದಲ್ಲದೆ ಈ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದಿದ ದ್ರವದಲ್ಲಿ ಆವಿಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಈ ವ್ಯತ್ಯಾಸವನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಇನ್ನು ನೀರಿನ ವಿಷಯ. ಕೆಂಪಗೆ ಕಾದ ಹಂಚಿನ ಮೇಲೆ ತಣ್ಣೀರು ಬಿದ್ದಂತೆ, ಎರಕದ ಕಬ್ಬಿಣದ ಡ್ರಮ್, ಡಿಸ್ಕ್ ಬಿರುಕು ಬಿಡಬಹುದು, ಸೊಟ್ಟಾಗಬಹುದು. ಒಳಗೆ ಕುದಿಯುತ್ತಿರುವ ದ್ರವಕ್ಕೆ ಆ ನೀರು ತಲುಪುವುದೇ ಇಲ್ಲ. ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ ಮೇಲೆ ಹ್ಯಾಂಡ್‌ಬ್ರೇಕ್ ಬಿಗಿಯಬೇಡಿ. ಅರ್ಧ ಗಂಟೆಯಾದರೂ ಗಾಳಿಗೆ ಆರಲಿ. ಬೆಂಕಿ ಕಂಡರೆ ಮಾತ್ರ ಲೆಕ್ಕ ಬೇರೆ, ಆಗ ಅಗ್ನಿಶಾಮಕ ಸಿಲಿಂಡರ್ ಬಳಸಿ. ಆರಿದ ಮೇಲೂ ಪೆಡಲ್ ಮೆತ್ತಗಿದ್ದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ.

ಸ್ತವನಿಧಿ ಘಾಟ್‌ನಿಂದ ನಿಪ್ಪಾಣಿ ಕಡೆ ಇಳಿಯುವಾಗಲೂ, ಅಂಬೋಲಿಯಲ್ಲೂ, ಹತ್ತಲು ಬೇಕಾಗುವ ಗೇರ್‌ನಲ್ಲೇ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಹಿಡಿತ ತಪ್ಪುತ್ತದೆ. ಎಂಜಿನ್ ಆಫ್ ಮಾಡಿದರೆ ಕೆಲವು ಸಲ ಒತ್ತುವಷ್ಟರಲ್ಲಿ ಬೂಸ್ಟರ್ ನೆರವೂ ಮುಗಿದು ಪೆಡಲ್ ಕಲ್ಲಾಗುತ್ತದೆ.