ಕಾಯಂ ಆಗುವಾಗ ಐವತ್ತೇಳು

ಲೂಯಿ ಬಶೆಲಿಯೆಗೆ ಕಾಯಂ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1927ರಲ್ಲಿ, ಫ್ರಾನ್ಸಿನ ಪೂರ್ವದ ಅಂಚಿನ ಬೆಜಾಂಸೋಂ ಎಂಬ ಊರಿನಲ್ಲಿ. ಆಗ ಅವರಿಗೆ 57 ವರ್ಷ. ಡಾಕ್ಟರೇಟ್ ಪಡೆದು 27 ವರ್ಷ ಕಳೆದಿತ್ತು. 1937ಕ್ಕೆ ನಿವೃತ್ತಿ. ಹಣಕಾಸಿನ ಗಣಿತ ಎಂದು ಇವತ್ತು ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕಲಿಸುವ ವಿದ್ಯೆಗೆ ಅಡಿಗಲ್ಲು ಹಾಕಿದ ಮನುಷ್ಯನ ಸರ್ವಿಸ್ ಇಷ್ಟೇ. ನಾನೂ ಸಂಭವನೀಯತೆಯ ಪಾಠ ಹೇಳಿಯೇ ಪೆನ್ಶನ್ ತೆಗೆದುಕೊಳ್ಳುತ್ತಿರುವವನು. ಒಬ್ಬ ಮೇಷ್ಟ್ರ ಹೆಸರು ಬಂದರೆ ಪ್ರಮೇಯಕ್ಕಿಂತ ಮೊದಲು ಅವರಿಗೆ ಕೆಲಸ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ನೋಡುವುದು ನಮ್ಮ ಜಾತಿಯವರ ಚಟ.

ಬಶೆಲಿಯೆ ಹುಟ್ಟಿದ್ದು 1870ರಲ್ಲಿ, ಲೆ ಹಾವ್ರ್ ಬಂದರಿನಲ್ಲಿ. ತಂದೆ ವೈನ್ ವ್ಯಾಪಾರಿ. ತಾಯಿಯ ಕಡೆಯವರು ಬ್ಯಾಂಕಿನವರು. 1889ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆತಾಯಿ ಇಬ್ಬರೂ ತೀರಿಕೊಂಡರು. ಕಾಲೇಜು ಸೇರಬೇಕಿದ್ದ ಹುಡುಗ ಅಂಗಡಿಯ ಗಲ್ಲೆಯ ಮೇಲೆ ಕುಳಿತ. ಸೋದರಿ, ಪುಟ್ಟ ತಮ್ಮ ಅವನ ಹೆಗಲಿಗೆ ಬಿದ್ದರು. ಸೈನ್ಯದ ಕಡ್ಡಾಯ ಸೇವೆಯನ್ನೂ ಮುಗಿಸಿ ಅವನು ಪ್ಯಾರಿಸ್ಸಿನ ಸೊರ್ಬೊನ್ ಮುಟ್ಟಿದ್ದು 1892ರಲ್ಲಿ. ಫ್ರಾನ್ಸಿನಲ್ಲಿ ಗಣಿತದ ದೊಡ್ಡ ಹುದ್ದೆಗಳಿಗೆ ಹೋಗುವ ದಾರಿ ಎಕೋಲ್ ನೊರ್ಮಾಲ್, ಎಕೋಲ್ ಪೊಲಿಟೆಕ್ನಿಕ್ ಎಂಬ ಎರಡು ಬಾಗಿಲುಗಳಿಂದ ಹೊರಡುತ್ತಿತ್ತು. ವ್ಯಾಪಾರಕ್ಕೆ ನಿಂತವನಿಗೆ ಆ ಬಾಗಿಲುಗಳ ಹೊತ್ತು ಮೀರಿತ್ತು. ಪರೀಕ್ಷೆಯ ಅಂಕಗಳೂ ಅಷ್ಟಕ್ಕಷ್ಟೇ.

ಆದರೆ ಅವನು ಬರೆದ ಪ್ರಬಂಧ! 1900ರ ಮಾರ್ಚ್ 29ರಂದು ಪರೀಕ್ಷಕರ ಮುಂದಿಟ್ಟ ಅದರ ವಿಷಯ ಪ್ಯಾರಿಸ್ ಬೂರ್ಸಿನ, ಅಂದರೆ ಅಲ್ಲಿನ ಶೇರುಪೇಟೆಯ, ಸಟ್ಟಾ ವ್ಯಾಪಾರ. ಅಲ್ಲಿ ಮುಖ್ಯವಾಗಿ ಕೈ ಬದಲಿಸುತ್ತಿದ್ದುದು ಫ್ರೆಂಚ್ ಸರ್ಕಾರದ ಶೇಕಡಾ 3ರ ಸಾಲಪತ್ರ. ಅಸಲು ಎಂದೂ ಹಿಂತಿರುಗುವುದಿಲ್ಲ. 100 ಫ್ರಾಂಕ್ ಮುಖಬೆಲೆಗೆ ವರ್ಷಕ್ಕೆ 3 ಫ್ರಾಂಕ್ ಬಡ್ಡಿ ಬರುತ್ತಲೇ ಇರುತ್ತದೆ. ಇದರ ಮೇಲೆ ತಿಂಗಳ ಕೊನೆಗೆ ಚುಕ್ತಾ ಆಗುವ ವಾಯಿದೆ ವ್ಯಾಪಾರ, ಅದರ ಮೇಲೆ ‘ಪ್ರೀಮ್’ ಎಂಬ ಇನ್ನೊಂದು. ಪ್ರೀಮ್ ಹೀಗೆ: ತಿಂಗಳ ಕೊನೆಗೆ ಇಂಥ ಬೆಲೆಗೆ ಕೊಳ್ಳುತ್ತೇನೆ ಎಂದು ಮಾತಾಗುತ್ತದೆ. ಆ ದಿನ ಪೇಟೆ ಮೇಲಿದ್ದರೆ ಕೊಳ್ಳುವವನು ಮಾಲು ಎತ್ತುತ್ತಾನೆ. ಬಿದ್ದಿದ್ದರೆ ಮೊದಲೇ ಗೊತ್ತಾದ 50, 25 ಅಥವಾ 10 ಸಾಂಟಿಮ್ ದಂಡ ತೆತ್ತು ಕೈತೊಳೆದುಕೊಳ್ಳುತ್ತಾನೆ. ಈಗಿನ ಆಪ್ಷನ್ನಿನಲ್ಲಿ ಬೆಲೆ ಗಟ್ಟಿ, ಪ್ರೀಮಿಯಂ ಏರಿಳಿಯುತ್ತದೆ. ಅಲ್ಲಿ ದಂಡ ಗಟ್ಟಿ, ಒಪ್ಪಂದದ ಬೆಲೆಯೇ ಏರಿಳಿಯುತ್ತಿತ್ತು.

ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ದಲ್ಲಾಳಿಯಾಗಿದ್ದ ನನ್ನ ಸೋದರಮಾವನಿಗೆ ಇದನ್ನು ವಿವರಿಸಿದಾಗ ಅವರು, “ಇದರಾಗ ಹೊಸಾದ್ ಏನೈತೋ? ತೇಜಿ-ಮಂದಿ” ಅಂದಿದ್ದರು. ಸರಿಯೇ. ವ್ಯಾಪಾರ ಹಳೆಯದು. ಅದಕ್ಕೆ ನ್ಯಾಯವಾದ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ತೋರಿಸಿದ್ದು ಹೊಸದು.

ಬಶೆಲಿಯೆಯ ವಾದ ನೆಟ್ಟಗಿದೆ. ಒಂದು ಬೆಲೆಗೆ ಕೊಳ್ಳುವವನೂ ಇದ್ದಾನೆ, ಮಾರುವವನೂ ಇದ್ದಾನೆ. ಒಬ್ಬ ಏರುತ್ತದೆ ಎನ್ನುತ್ತಾನೆ, ಇನ್ನೊಬ್ಬ ಇಳಿಯುತ್ತದೆ ಎನ್ನುತ್ತಾನೆ. ಒಟ್ಟು ಪೇಟೆಗೆ ಯಾವ ಕಡೆಯೂ ನಂಬಿಕೆಯಿಲ್ಲ. ಆದ್ದರಿಂದ ಸಟ್ಟಾದವನ ಗಣಿತೀಯ ನಿರೀಕ್ಷೆ ಸೊನ್ನೆ. ಅಲ್ಲಿಂದ ಹೊರಟು, ಬೆಲೆಯ ಸಾಧ್ಯತೆಗಳು ಹೊತ್ತು ಹೋದಂತೆ ಹರಡುವುದೂ ಕಬ್ಬಿಣದ ಸರಳಿನಲ್ಲಿ ಶಾಖ ಹರಡುವುದೂ ಒಂದೇ ಸಮೀಕರಣಕ್ಕೆ ಒಳಪಟ್ಟಿವೆ ಎಂದು ತೋರಿಸಿದರು. ಏರಿಳಿತದ ಹರವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ: ಒಂದು ದಿನಕ್ಕೆ 10 ಸಾಂಟಿಮ್ ಇದ್ದರೆ ನಾಲ್ಕು ದಿನಕ್ಕೆ 20, ಒಂಬತ್ತು ದಿನಕ್ಕೆ 30. (ಈ ವರ್ಗಮೂಲದ ನಿಯಮವನ್ನು ಮಾತ್ರ ಜೂಲ್ ರೆನ್ಯೊ ಎಂಬ ದಲ್ಲಾಳಿ 1863ರಲ್ಲೇ ಬರೆದಿದ್ದ.) ಆಮೇಲೆ ಬೂರ್ಸಿನ 1894ರಿಂದ 1898ರವರೆಗಿನ ದರಗಳೊಡನೆ ತಮ್ಮ ಲೆಕ್ಕವನ್ನು ಹೋಲಿಸಿಯೂ ನೋಡಿದರು. ಐನ್‌ಸ್ಟೈನ್ ಇದೇ ಗಣಿತ ಹಿಡಿದು, ದ್ರವದಲ್ಲಿ ತೇಲುವ ಕಣಗಳ ಬ್ರೌನಿಯನ್ ಚಲನೆಯ ಬಗ್ಗೆ ಬರೆಯುವುದಕ್ಕೆ ಇನ್ನೂ ಐದು ವರ್ಷವಿತ್ತು.

ಪ್ರಬಂಧದ ವರದಿ ಬರೆದವರು ಸ್ವತಃ ಆನ್ರಿ ಪ್ವಾಂಕರೆ, ಆ ಕಾಲದ ಮಹಾ ಗಣಿತಜ್ಞ. ನಮ್ಮ ಅಭ್ಯರ್ಥಿಗಳು ಸಾಮಾನ್ಯವಾಗಿ ಎತ್ತಿಕೊಳ್ಳುವ ವಿಷಯಗಳಿಂದ ಇದು ಸ್ವಲ್ಪ ದೂರ ಎಂದು ಶುರುಮಾಡಿದರು. ಶಾಖದ ಸಮೀಕರಣದ ಭಾಗವನ್ನು ಮೆಚ್ಚಿದರು, ಅದನ್ನು ಇನ್ನಷ್ಟು ಬೆಳೆಸಬಹುದಿತ್ತು ಎಂದರು. ಕೊನೆಗೆ ಸಿಕ್ಕ ದರ್ಜೆ ‘ಗೌರವಾರ್ಹ’. ‘ಅತಿ ಗೌರವಾರ್ಹ’ ಅಲ್ಲ. ಹೊರಗಿನವರಿಗೆ ಇದು ಕೂದಲೆಳೆಯ ವ್ಯತ್ಯಾಸ. ಅಲ್ಲಿ ಪ್ರೊಫೆಸರಿಕೆ ಬಯಸುವವನಿಗೆ ಅದೇ ಕಂದಕ.

ಮುಂದಿನ ವರ್ಷಗಳದು ಎಲ್ಲ ಗೆಸ್ಟ್ ಲೆಕ್ಚರರ್‌ಗಳಿಗೂ ಗೊತ್ತಿರುವ ಕಥೆ. 1909ರಿಂದ ಸೊರ್ಬೊನ್‌ನಲ್ಲಿ ಸಂಬಳವಿಲ್ಲದ ಪಾಠ. 1912ರಲ್ಲಿ ಸಂಭವನೀಯತೆಯ ಮೇಲೆ ದಪ್ಪ ಗ್ರಂಥ, 1914ರಲ್ಲಿ ಜೂಜು ಮತ್ತು ಆಕಸ್ಮಿಕದ ಬಗ್ಗೆ ಜನಪ್ರಿಯ ಪುಸ್ತಕ. ಅದೇ ವರ್ಷ ವಿಶ್ವವಿದ್ಯಾಲಯ ಇನ್ನೇನು ಆಸರೆ ಕೊಡುವುದರಲ್ಲಿತ್ತು, ಯುದ್ಧ ಬಂತು. 44ರ ವಯಸ್ಸಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಹೋದವರು 1918ರ ಕೊನೆಗೆ ಹಿಂತಿರುಗಿದರು. ಆಮೇಲೆ ಬೆಜಾಂಸೋಂ, ದಿಜೋಂ, ರೆನ್ ಎಂದು ಊರೂರು ಅಲೆತ. ಎಲ್ಲಿಯೂ ಕಾಯಂ ಅಲ್ಲ.

1926ರಲ್ಲಿ ದಿಜೋಂನಲ್ಲಿ ಪೀಠವೊಂದು ತೆರವಾಯಿತು, ಅರ್ಜಿ ಹಾಕಿದರು. ಅಲ್ಲಿನ ಪ್ರೊಫೆಸರ್ ಮೊರಿಸ್ ಜೆವ್ರೆ ಬಶೆಲಿಯೆಯ ಒಂದು ಲೇಖನದಲ್ಲಿ ತಪ್ಪಿದೆ ಎಂದು ಆಕ್ಷೇಪ ತೆಗೆದು, ಪ್ಯಾರಿಸ್ಸಿನ ಗಣಿತಜ್ಞ ಪೋಲ್ ಲೆವಿಯವರ ಅಭಿಪ್ರಾಯ ಕೇಳಿದರು. ಲೆವಿ ಹೌದು, ತಪ್ಪಿದೆ ಎಂದು ಬರೆದುಕೊಟ್ಟರು. ಬಶೆಲಿಯೆಯ ಹಿಂದಿನ ಕೆಲಸವನ್ನು ಅವರು ಓದಿರಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. 1931ರಲ್ಲಿ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ ತಮ್ಮ ಪ್ರಸಿದ್ಧ ಲೇಖನದಲ್ಲಿ ಬಶೆಲಿಯೆಯನ್ನು ಹೆಸರಿಸಿದ ಮೇಲೆ ಲೆವಿ ಹಳೆಯ ಪ್ರಬಂಧವನ್ನು ತೆರೆದರು, ಓದಿದರು, ಪತ್ರ ಬರೆದು ರಾಜಿಯಾದರು.

ಈ ಕಥೆಯಲ್ಲಿ ಲೆವಿಯನ್ನು ಖಳನನ್ನಾಗಿ ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಪ್ಪಿದೆ ಎಂದು ಅವರು ಬರೆದುಕೊಟ್ಟ ಪತ್ರ ದಿಜೋಂಗೆ ಬರುವ ಹೊತ್ತಿಗೆ ಪ್ರಬಂಧಕ್ಕೆ 26 ವರ್ಷವಾಗಿತ್ತು. ಅಷ್ಟು ಕಾಲ ಯಾರು ಅಡ್ಡ ಬಂದಿದ್ದರು? ಬೂರ್ಸಿನ ವ್ಯವಹಾರವನ್ನು ಗಣಿತವೆಂದು ಒಪ್ಪುವ ಇಲಾಖೆಯೇ ಇರಲಿಲ್ಲ. ವಾಯಿದೆ ವ್ಯಾಪಾರಕ್ಕೆ ಫ್ರೆಂಚ್ ಕಾನೂನು ಪೂರ್ತಿ ಮಾನ್ಯತೆ ಕೊಟ್ಟಿದ್ದೇ 1885ರಲ್ಲಿ. ಅದಕ್ಕೂ ಮೊದಲು ಆ ಬಾಕಿಯನ್ನು ಜೂಜಿನ ಸಾಲವೆಂದು ಹೇಳಿ ಕೋರ್ಟಿನಲ್ಲಿ ತಪ್ಪಿಸಿಕೊಳ್ಳಬಹುದಿತ್ತು. ಜೂಜಿನ ವಾಸನೆ ಇನ್ನೂ ಆರಿರಲಿಲ್ಲ.

ಬಶೆಲಿಯೆ 1946ರಲ್ಲಿ ತೀರಿಕೊಂಡರು. 1950ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಲಿಯನಾರ್ಡ್ ಸ್ಯಾವೇಜ್ 1914ರ ಪುಸ್ತಕವನ್ನು ನೋಡಿ, ಈತ ಯಾರೆಂದು ಗೊತ್ತೇ ಎಂದು ಅರ್ಥಶಾಸ್ತ್ರಜ್ಞ ಮಿತ್ರರಿಗೆ ಕಾರ್ಡು ಹಾಕಿದರು. ಅವರಲ್ಲೊಬ್ಬರಾದ ಪೋಲ್ ಸ್ಯಾಮ್ಯುವೆಲ್ಸನ್ ಹುಡುಕಿ ಪ್ರಬಂಧವನ್ನು ಓದಿದರು. 1964ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಬಶೆಲಿಯೆ ಲೆಕ್ಕದಲ್ಲಿ ಬೆಲೆ ಸೊನ್ನೆಗಿಂತ ಕೆಳಗೂ ಇಳಿಯಬಹುದಿತ್ತು. ಸ್ಯಾಮ್ಯುವೆಲ್ಸನ್ ಅದನ್ನು ತಿದ್ದಿ, ಏರಿಳಿತವನ್ನು ಶೇಕಡಾವಾರಿನಲ್ಲಿ ಇಟ್ಟರು. 1973ರ ಏಪ್ರಿಲಿನಲ್ಲಿ ಶಿಕಾಗೋದಲ್ಲಿ ಆಪ್ಷನ್ ವಿನಿಮಯ ಕೇಂದ್ರ ತೆರೆಯಿತು, ಅದೇ ವರ್ಷ ಆಪ್ಷನ್ನಿನ ಬೆಲೆ ಕಟ್ಟುವ ಬ್ಲ್ಯಾಕ್, ಶೋಲ್ಸ್, ಮರ್ಟನ್ ಅವರ ಸೂತ್ರ ಪ್ರಕಟವಾಯಿತು. ಇನ್ನು ವಿಶ್ವವಿದ್ಯಾಲಯಗಳು ಸುಮ್ಮನಿರುತ್ತವೆಯೆ? ಬಶೆಲಿಯೆಗೆ ಜಾಗವಿಲ್ಲದ ಪ್ಯಾರಿಸ್ಸಿನಲ್ಲೇ 1990ರಲ್ಲಿ ನಿಕೋಲ್ ಎಲ್ ಕರೂಯಿ ಸಂಭವನೀಯತೆ ಮತ್ತು ಹಣಕಾಸಿನ ಸ್ನಾತಕೋತ್ತರ ಪಾಠಕ್ರಮ ಕಟ್ಟಿದರು. ಆಕೆಯೂ ಮೂಲತಃ ಶುದ್ಧ ಸಂಭವನೀಯತೆಯವರು. ಬ್ಯಾಂಕೊಂದರಲ್ಲಿ ಕೆಲಕಾಲ ಕೆಲಸ ಮಾಡಿ ಬಂದವರು. ಅವರ ಶಿಷ್ಯರನ್ನು ಲಂಡನ್, ನ್ಯೂಯಾರ್ಕಿನ ಬ್ಯಾಂಕುಗಳು ಎಳೆದುಕೊಂಡವು.

ನಮ್ಮಲ್ಲೂ ಇದೇ ಪಾಡು. ಸರಕಿನ ತೇಜಿ-ಮಂದಿಯನ್ನು 1952ರ ಕಾಯ್ದೆ ನಿಷೇಧಿಸಿತು, ಶೇರಿನ ಆಪ್ಷನ್ನನ್ನು 1956ರ ಕಾಯ್ದೆ. ಎರಡನೆಯದು ಸಡಿಲವಾದದ್ದು 1995ರಲ್ಲಿ. ನಿಷಿದ್ಧ ವ್ಯಾಪಾರದ ಬೆಲೆ ಕಟ್ಟುವುದನ್ನು ಯಾವ ಸಿಲೆಬಸ್ಸು ಸೇರಿಸೀತು? ಮಂಗಳೂರಿನಲ್ಲಿ ಹುಟ್ಟಿದ ಗೋಪಿನಾಥ ಕಲ್ಯಾಣಪುರ ಜಗತ್ತಿನ ಹೆಸರಾಂತ ಸಂಭವನೀಯತಾ ಶಾಸ್ತ್ರಜ್ಞರಲ್ಲೊಬ್ಬರು, ಭಾರತೀಯ ಸಾಂಖ್ಯಿಕ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರು ರಾಜೀವ ಕರಂದೀಕರರೊಡನೆ ಆಪ್ಷನ್ ಬೆಲೆಯ ಸಿದ್ಧಾಂತದ ಪುಸ್ತಕ ತಂದದ್ದು 2000ದಲ್ಲಿ, 75ರ ವಯಸ್ಸಿನಲ್ಲಿ. ನಿಫ್ಟಿ ಆಪ್ಷನ್ ಶುರುವಾದದ್ದು 2001ರ ಜೂನಿನಲ್ಲಿ.

ಗೌರವದ ಜೊತೆಗೆ ಬೈಗುಳವೂ ಬಂತು. 2008ರ ಹಣಕಾಸು ಕುಸಿತದ ಮೇಲೆ ಫ್ರಾನ್ಸಿನ ಮಾಜಿ ಪ್ರಧಾನಿ ಮಿಶೆಲ್ ರೊಕಾರ್, ಶೇರುಪೇಟೆಯ ಆಟ ಕಲಿಸುವ ಗಣಿತದ ಮೇಷ್ಟ್ರುಗಳನ್ನು ಮಾನವಕುಲದ ಮೇಲಿನ ಅಪರಾಧದ ಮಟ್ಟಕ್ಕೆ ಇಳಿಸಿ ಮಾತಾಡಿದರು. ಅತಿಯಾಯಿತು, ನಿಜ. ಆದರೂ ಬಶೆಲಿಯೆ ತಮ್ಮ ಲೆಕ್ಕವನ್ನು ಬೂರ್ಸಿನ ದರಪಟ್ಟಿಯ ಪಕ್ಕದಲ್ಲಿಟ್ಟು ನೋಡಿದ್ದರಲ್ಲ, ಆ ಸೌಜನ್ಯ 2008ರ ಎಷ್ಟೋ ಮಾದರಿಗಳಿಗೆ ಇರಲಿಲ್ಲ.

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು. ಬೆಲೆ ಸೊನ್ನೆಗಿಂತ ಇಳಿಯದಂತೆ ತಿದ್ದಿದ ಸೂತ್ರ ಅಲ್ಲಿ ಕೈಕೊಟ್ಟಿತು. ಶಿಕಾಗೋದ ಸಿಎಂಇ ಎಂಬ ವಿನಿಮಯ ಕೇಂದ್ರ ಆ ವಾರವೇ ತೈಲದ ಆಪ್ಷನ್ನುಗಳ ಲೆಕ್ಕವನ್ನು ಬಶೆಲಿಯೆ ಮಾದರಿಗೆ ಬದಲಿಸಿತು. ಲಕ್ಷಗಟ್ಟಲೆ ಫೀ ಕಟ್ಟಿ ಹಣಕಾಸಿನ ಗಣಿತದ ‘ಕ್ವಾಂಟ್’ ಕೋರ್ಸಿಗೆ ಸೇರಲಿರುವ ಹುಡುಗ ಹುಡುಗಿಯರು ಅದಕ್ಕೂ ಮೊದಲು 1900ರ ಆ ಪ್ರಬಂಧದ ಇಂಗ್ಲಿಷ್ ಅನುವಾದವನ್ನು ಓದಲಿ. ಬಿಎಸ್ಸಿಯಲ್ಲಿ ಶಾಖದ ಸಮೀಕರಣ ಬಿಡಿಸಿದವರಿಗೆ ಅದು ಕಷ್ಟವಾಗದು.