ಗೋವಿಂದಪ್ಪ ವೆಂಕಟಸ್ವಾಮಿ

ಡಾ. ಗೋವಿಂದಪ್ಪ ವೆಂಕಟಸ್ವಾಮಿ (1 ಅಕ್ಟೋಬರ್ 1918 – 7 ಜುಲೈ 2006) ಭಾರತದ ಪ್ರಸಿದ್ಧ ನೇತ್ರ ಶಸ್ತ್ರಚಿಕಿತ್ಸಕರು ಮತ್ತು ತಮಿಳುನಾಡಿನ ಮಧುರೈಯಲ್ಲಿರುವ ಅರವಿಂದ ಕಣ್ಣಿನ ಆಸ್ಪತ್ರೆಯ ಸ್ಥಾಪಕರು. ರೋಗಿಗಳು ಹಾಗೂ ಸಹೋದ್ಯೋಗಿಗಳ ನಡುವೆ ಅವರು 'ಡಾ. ವಿ' ಎಂದೇ ಪರಿಚಿತರು. ತೀವ್ರ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ತಮ್ಮ ವೃತ್ತಿಜೀವನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣಿನ ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿದರು. ಭಾರತ ಸರ್ಕಾರವು 1973ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಆರಂಭಿಕ ಜೀವನ ಮತ್ತು ಶಿಕ್ಷಣ

ವೆಂಕಟಸ್ವಾಮಿಯವರು ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಎಟ್ಟಯಪುರದ ಸಮೀಪದ ವಡಮಲಪುರಂ ಎಂಬ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಅವರೇ ಹಿರಿಯರು. ಊರಿನ ಶಾಲೆಯಲ್ಲಿ ಕಾಗದ, ಪೆನ್ಸಿಲ್‌ಗಳಿರಲಿಲ್ಲ. ಮಕ್ಕಳು ನದಿಯ ಮರಳನ್ನು ತಂದು ಹರಡಿ ಅದರ ಮೇಲೆ ಅಕ್ಷರ ತಿದ್ದುತ್ತಿದ್ದರು. ಬಾಲ್ಯದಲ್ಲಿ ಬಂಧುವರ್ಗದ ಮೂವರು ಸೋದರಿಯರು ಹೆರಿಗೆಯ ಸಮಯದಲ್ಲಿ ವೈದ್ಯಕೀಯ ನೆರವು ದೊರೆಯದೆ ಮೃತಪಟ್ಟರು. ಈ ಸಾವುಗಳೇ ತಾವು ವೈದ್ಯರಾಗಬೇಕು, ಅದರಲ್ಲೂ ಪ್ರಸೂತಿ ತಜ್ಞರಾಗಬೇಕು ಎಂಬ ಸಂಕಲ್ಪಕ್ಕೆ ಕಾರಣವಾದವು. ಮಧುರೈಯ ಅಮೆರಿಕನ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿದ ಅವರು, 1944ರಲ್ಲಿ ಮದರಾಸಿನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಿಂದ ವೈದ್ಯಕೀಯ ಪದವಿ ಪಡೆದರು.

ಅನಾರೋಗ್ಯ ಮತ್ತು ನೇತ್ರಶಾಸ್ತ್ರ

ಪದವಿಯ ನಂತರ ಅವರು ಸೇನೆಯ ವೈದ್ಯಕೀಯ ವಿಭಾಗವನ್ನು ಸೇರಿದರು. ಅಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ತುತ್ತಾಗಿ 1948ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಬೇಕಾಯಿತು. ದೀರ್ಘಕಾಲ ಹಾಸಿಗೆ ಹಿಡಿದಿದ್ದ ಅವರಿಗೆ ಎದ್ದು ನಿಲ್ಲುವುದೂ ಲೇಖನಿ ಹಿಡಿಯುವುದೂ ಕಷ್ಟವಾಗಿತ್ತು. ಬೆರಳುಗಳು ಶಾಶ್ವತವಾಗಿ ವಕ್ರಗೊಂಡವು. ಗಂಟೆಗಟ್ಟಲೆ ನಿಂತು ದುಡಿಯಬೇಕಾದ ಪ್ರಸೂತಿ ವೈದ್ಯವೃತ್ತಿ ಅಸಾಧ್ಯವೆನಿಸಿದಾಗ ಅವರು ನೇತ್ರಶಾಸ್ತ್ರದತ್ತ ಹೊರಳಿ, 1951ರಲ್ಲಿ ಆ ವಿಷಯದಲ್ಲಿ ಡಿಪ್ಲೊಮಾ ಪಡೆದರು. ತಮ್ಮ ಕೈಗೆ ಒಗ್ಗುವಂತೆ ಉಪಕರಣಗಳನ್ನು ಮಾರ್ಪಡಿಸಿಕೊಂಡು, ಸತತ ಅಭ್ಯಾಸದಿಂದ ಕಣ್ಣಿನ ಪೊರೆ ತೆಗೆಯುವ ಸೂಕ್ಷ್ಮ ಶಸ್ತ್ರಚಿಕಿತ್ಸೆಯಲ್ಲಿ ನೈಪುಣ್ಯ ಸಾಧಿಸಿದರು.

ಸರ್ಕಾರಿ ಸೇವೆ

1956ರಲ್ಲಿ ವೆಂಕಟಸ್ವಾಮಿಯವರು ಮಧುರೈಯ ಸರ್ಕಾರಿ ಎರ್ಸ್ಕಿನ್ ಆಸ್ಪತ್ರೆಯಲ್ಲಿ ನೇತ್ರ ವಿಭಾಗದ ಮುಖ್ಯಸ್ಥರಾದರು. ಎರಡು ದಶಕಗಳ ಕಾಲ ಅಲ್ಲಿ ಸೇವೆ ಸಲ್ಲಿಸಿದ ಅವರು ಗ್ರಾಮಗಳಲ್ಲಿ ನೇತ್ರ ಶಿಬಿರಗಳನ್ನು ವ್ಯವಸ್ಥಿತವಾಗಿ ನಡೆಸಿದರು. ಪೊರೆಯಿಂದ ಉಂಟಾಗುವ ಅಂಧತ್ವವನ್ನು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ನಿವಾರಿಸಬಹುದಾದರೂ, ಪಟ್ಟಣದ ಆಸ್ಪತ್ರೆಯವರೆಗೆ ಬರಲಾಗದ ಬಡವರು ಕುರುಡರಾಗಿಯೇ ಉಳಿಯುತ್ತಿದ್ದರು. ರೋಗಿಯು ವೈದ್ಯರನ್ನು ಹುಡುಕಿಕೊಂಡು ಬರುವವರೆಗೆ ಕಾಯದೆ ವೈದ್ಯರೇ ಊರಿಗೆ ಹೋಗಬೇಕು ಎಂಬುದು ಅವರ ನಿಲುವಾಗಿತ್ತು.

ಅರವಿಂದ ಕಣ್ಣಿನ ಆಸ್ಪತ್ರೆ

1976ರಲ್ಲಿ, 58ನೆಯ ವಯಸ್ಸಿನಲ್ಲಿ ನಿವೃತ್ತರಾದ ವೆಂಕಟಸ್ವಾಮಿಯವರು ಮಧುರೈಯ ಒಂದು ಮನೆಯಲ್ಲಿ 11 ಹಾಸಿಗೆಗಳ ಆಸ್ಪತ್ರೆಯನ್ನು ಆರಂಭಿಸಿದರು. ತಾವು ಗೌರವಿಸುತ್ತಿದ್ದ ಶ್ರೀ ಅರವಿಂದರ ಹೆಸರನ್ನೇ ಅದಕ್ಕೆ ಇಟ್ಟರು. ಬ್ಯಾಂಕುಗಳಿಂದ ಸಾಲ ದೊರೆಯದಿದ್ದಾಗ ಮನೆ ಮತ್ತು ಕುಟುಂಬದ ಒಡವೆಗಳನ್ನು ಅಡವಿಟ್ಟು ಹಣ ಹೊಂದಿಸಲಾಯಿತು. ಸೋದರಿ ಡಾ. ನಾಚ್ಚಿಯಾರ್, ಅವರ ಪತಿ ಡಾ. ನಂಪೆರುಮಾಳ್‌ಸಾಮಿ ಮತ್ತು ಸೋದರ ಶ್ರೀನಿವಾಸನ್ ಸೇರಿದಂತೆ ಕುಟುಂಬದವರು ಈ ಕಾರ್ಯದಲ್ಲಿ ಕೈಜೋಡಿಸಿದರು. ವೆಂಕಟಸ್ವಾಮಿಯವರು ಅವಿವಾಹಿತರಾಗಿಯೇ ಉಳಿದರು.

ಹಣ ಕೊಡಬಲ್ಲವರಿಂದ ಪಡೆದ ಶುಲ್ಕದಿಂದಲೇ ಬಡವರಿಗೆ ಉಚಿತ ಅಥವಾ ಅತಿ ಕಡಿಮೆ ದರದ ಚಿಕಿತ್ಸೆ ನೀಡುವುದು ಆಸ್ಪತ್ರೆಯ ಮೂಲತತ್ತ್ವವಾಗಿತ್ತು. ಕೊಠಡಿ ಮತ್ತಿತರ ಸೌಲಭ್ಯಗಳಲ್ಲಿ ವ್ಯತ್ಯಾಸವಿದ್ದರೂ ಎರಡೂ ವರ್ಗದ ರೋಗಿಗಳಿಗೆ ಅದೇ ವೈದ್ಯರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಚಿಕಿತ್ಸೆ ಉಚಿತವಾದರೂ ಪ್ರಯಾಣ ಮತ್ತು ಊಟದ ಖರ್ಚಿಗೆ ಹೆದರಿ ಹಲವರು ಹಿಂಜರಿಯುವುದು ಕಂಡುಬಂದ ಮೇಲೆ, ಶಿಬಿರದಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆತಂದು ಊಟ, ವಸತಿ ನೀಡಿ ಹಿಂದಕ್ಕೆ ಬಿಡುವ ವ್ಯವಸ್ಥೆಯನ್ನು ರೂಪಿಸಲಾಯಿತು.

ಅಮೆರಿಕದ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹಗಳು ಎಲ್ಲೆಡೆ ಒಂದೇ ಗುಣಮಟ್ಟದ ಆಹಾರವನ್ನು ಅಗ್ಗವಾಗಿ ಒದಗಿಸುವ ರೀತಿಯು ಅವರ ಗಮನ ಸೆಳೆದಿತ್ತು. ಅದೇ ಶಿಸ್ತನ್ನು ಅವರು ಶಸ್ತ್ರಚಿಕಿತ್ಸಾ ಕೊಠಡಿಗೆ ತಂದರು. ಶಸ್ತ್ರಚಿಕಿತ್ಸಕರು ಒಂದು ಮೇಜಿನಲ್ಲಿ ಕೆಲಸ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿಯನ್ನು ಸಿಬ್ಬಂದಿ ಸಿದ್ಧಗೊಳಿಸಿರುತ್ತಾರೆ. ಈ ಸಿಬ್ಬಂದಿಯಲ್ಲಿ ಬಹುಪಾಲು ಜನ ಹಳ್ಳಿಗಳಿಂದ ಆಯ್ದು ತರಬೇತಿ ನೀಡಲಾದ ಯುವತಿಯರು. ಇದರಿಂದ ವೈದ್ಯರ ಸಮಯವು ಶಸ್ತ್ರಚಿಕಿತ್ಸೆಗೇ ಮೀಸಲಾಗಿ, ಪ್ರತಿ ಚಿಕಿತ್ಸೆಯ ವೆಚ್ಚ ಇಳಿಯಿತು.

ಅರೋಲ್ಯಾಬ್

ಪೊರೆ ತೆಗೆದ ನಂತರ ಕಣ್ಣಿನೊಳಗೆ ಕೃತಕ ಮಸೂರವನ್ನು ಅಳವಡಿಸಿದರೆ ದಪ್ಪ ಗಾಜಿನ ಕನ್ನಡಕದ ಅವಲಂಬನೆ ತಪ್ಪುತ್ತದೆ. ಆದರೆ ಆಮದಾಗುತ್ತಿದ್ದ ಮಸೂರಗಳ ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ. ಆದ್ದರಿಂದ 1992ರಲ್ಲಿ ಅರೋಲ್ಯಾಬ್ ಎಂಬ ತಯಾರಿಕಾ ಘಟಕವನ್ನು ಆರಂಭಿಸಲಾಯಿತು. ಅಲ್ಲಿ ತಯಾರಾದ ಮಸೂರವು ಸುಮಾರು 10 ಡಾಲರಿಗೆ ದೊರೆಯುವಂತಾಗಿ, ಮುಂದೆ ನೂರಕ್ಕೂ ಹೆಚ್ಚು ದೇಶಗಳಿಗೆ ರಫ್ತಾಯಿತು.

ನಿಧನ ಮತ್ತು ಪರಂಪರೆ

ವೆಂಕಟಸ್ವಾಮಿಯವರು 2006ರ ಜುಲೈ 7ರಂದು ಮಧುರೈಯಲ್ಲಿ ನಿಧನರಾದರು. ಅವರ ಜೀವಿತಾವಧಿಯಲ್ಲೇ ತೇನಿ, ತಿರುನೆಲ್ವೇಲಿ, ಕೊಯಮತ್ತೂರು ಮತ್ತು ಪುದುಚೇರಿಗಳಲ್ಲಿ ಆಸ್ಪತ್ರೆಯ ಶಾಖೆಗಳು ಆರಂಭಗೊಂಡಿದ್ದವು. ಆಸ್ಪತ್ರೆಯ ಕಾರ್ಯವಿಧಾನವನ್ನು ಕುರಿತ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ 1993ರ ಅಧ್ಯಯನವು ನಿರ್ವಹಣಾಶಾಸ್ತ್ರದ ತರಗತಿಗಳಲ್ಲಿ ವ್ಯಾಪಕವಾಗಿ ಬಳಕೆಯಾಗಿದೆ. ಅವರ ಜೀವನ ಮತ್ತು ಆಸ್ಪತ್ರೆಯ ಬೆಳವಣಿಗೆಯನ್ನು ಕುರಿತ 'ಇನ್ಫೈನೈಟ್ ವಿಷನ್' ಎಂಬ ಇಂಗ್ಲಿಷ್ ಕೃತಿ 2011ರಲ್ಲಿ ಪ್ರಕಟವಾಯಿತು. ಅವರ ಜನ್ಮಶತಮಾನೋತ್ಸವದ ದಿನವಾದ 2018ರ ಅಕ್ಟೋಬರ್ 1ರಂದು ಗೂಗಲ್ ಸಂಸ್ಥೆಯು ಡೂಡಲ್ ಮೂಲಕ ಅವರನ್ನು ಸ್ಮರಿಸಿತು.