ಮುಸುರೆ, ಬುತ್ತಿ, ವಡೆ: ಅರಸೀಕೆರೆ–ಬೇಲೂರು–ಹಳೇಬೀಡು ದಾರಿಯ ತಿಂಡಿಯ ಚರಿತ್ರೆ

ಹಳೇಬೀಡಿನ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿಯ 1133ರ ಶಾಸನದಲ್ಲಿ ಒಂದು ಪ್ರಯಾಣದ ಸಂಗತಿ ಬರುತ್ತದೆ. ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗಾಗಿ ಆ ಬಸದಿಯನ್ನು ಕಟ್ಟಿಸಿದ. ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ಗಂಧೋದಕವನ್ನೂ ಶೇಷೆಯನ್ನೂ ಹಿಡಿದು ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನ ಬಳಿಗೆ ಹೋದರು. ದೊರೆಗೆ ಅದು ಯುದ್ಧ ಗೆದ್ದ, ಮಗ ಹುಟ್ಟಿದ ಹೊತ್ತು. ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಹೊಯ್ಸಳ ಚರಿತ್ರೆ ಬರೆದವರು ಈ ಶಾಸನವನ್ನು ಯುದ್ಧದ ಕಾಲವನ್ನೂ ರಾಜಕುಮಾರನ ಹುಟ್ಟನ್ನೂ ಗೊತ್ತುಮಾಡಲು ಬಳಸಿದ್ದಾರೆ. ನನ್ನನ್ನು ಕಾಡಿದ್ದು ಅದಕ್ಕಿಂತ ಸಣ್ಣ ಪ್ರಶ್ನೆ. ಹಳೇಬೀಡಿನಿಂದ ಬಂಕಾಪುರಕ್ಕೆ 200 ಕಿಲೋಮೀಟರಿಗೂ ಮೇಲೆ ದಾರಿ. ಆ ಅರ್ಚಕರು ದಾರಿಯುದ್ದಕ್ಕೂ ಏನು ತಿಂದರು?

ಹೊರದೇಶಕ್ಕೆ ಹೋದ ಕನ್ನಡಿಗರು ಇಳಿದ ಊರಿನಲ್ಲಿ ಇಡ್ಲಿ, ವಡೆ, ದೋಸೆ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾರೆ. ಹಾಸನ ಜಿಲ್ಲೆಯ ದಿನನಿತ್ಯದ ಮನೆಯೂಟವಾದರೋ ರಾಗಿಮುದ್ದೆ, ಅವರೆಕಾಳು ಸಾರು. ಬೇಲೂರಿನ ಮಲೆನಾಡಿನ ಮಗ್ಗುಲಿಗೆ ಹೋದರೆ ಅಕ್ಕಿರೊಟ್ಟಿ, ಕಡುಬು. ಮುದ್ದೆಯನ್ನು ಬಿಟ್ಟು ವಡೆ ಏಕೆ ಪರಸ್ಥಳದ ಹಸಿವಿನ ತಿನಿಸಾಯಿತು? ಆ ಆಯ್ಕೆ ಲಂಡನ್ನಿನಲ್ಲೋ ಸಿಂಗಪುರದಲ್ಲೋ ಆದದ್ದಲ್ಲ, ಬಹಳ ಹಿಂದೆಯೇ ನಮ್ಮ ಗಾಡಿದಾರಿ, ರೈಲುದಾರಿಗಳಲ್ಲಿ ಆಗಿಹೋಗಿತ್ತು ಎಂಬುದು ನನ್ನ ವಾದ. ಒಂದು ರೈಲು ಜಂಕ್ಷನ್ನು, ಪೂಜೆ ನಡೆಯುತ್ತಿರುವ ಒಂದು ದೇವಸ್ಥಾನದ ಊರು, ಹಾಳಾದ ಒಂದು ರಾಜಧಾನಿ, ಮೂರೂ ಅಕ್ಕಪಕ್ಕದಲ್ಲಿರುವ ಈ ಸೀಮೆಯಲ್ಲಿ ಅದನ್ನು ಚೆನ್ನಾಗಿ ನೋಡಬಹುದು.

ಹೊಯ್ಸಳರ ಕಾಲದಲ್ಲಿ ದಾರಿಹೋಕನಿಗೆ ಅನ್ನನೀರು ಸಿಗುತ್ತಿದ್ದದ್ದು ದಾನದಿಂದ. ಶಾಸನಗಳಲ್ಲಿ ಅರವಟಿಗೆ, ಸತ್ರ, ಋಷಿಯರ ಆಹಾರದಾನ, ದೇವರ ಅಮೃತಪಡಿ ಎಂಬ ಮಾತುಗಳು ಮತ್ತೆಮತ್ತೆ ಬರುತ್ತವೆ. 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗಾಗಲಿ, 1220ರಲ್ಲಿ ರೇಚರಸ ಅರಸೀಕೆರೆಯಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯಕ್ಕಾಗಲಿ ಭೂಮಿ ಬಿಟ್ಟವರು ದೇವರ ಜೊತೆಗೆ ಉಣ್ಣುವವರನ್ನೂ ನೆನೆದಿದ್ದರು. ಅರವಟಿಗೆಯ ನೀರು ಹೆಚ್ಚು ಜನಕ್ಕೆ ಒದಗುತ್ತಿತ್ತು. ಅನ್ನ ಹಾಗಲ್ಲ, ಯತಿಗೆ, ಬ್ರಾಹ್ಮಣನಿಗೆ, ಆಯಾ ಮತದವನಿಗೆ ಎಂದು ಅದಕ್ಕೆ ಮೊದಲೇ ವಾರಸುದಾರರಿದ್ದರು.

ಅಡುಗೆಯ ಪುಸ್ತಕಗಳೇನೋ ಇವೆ. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಭಾಗವೇ ಇದೆ. ವಿಷ್ಣುವರ್ಧನನ ಸಮಕಾಲೀನನೂ ಚಾಲುಕ್ಯ ಚಕ್ರವರ್ತಿಯೂ ಆದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗದ ಅಧ್ಯಾಯದಲ್ಲಿ ಬರೀ ಉದ್ದಿನ ಇಡ್ಡಲಿಗೆಯೂ ವಡೆಯೂ ದೋಸೆಯೂ ಬರುತ್ತವೆ. 16ನೇ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸುಗಳಿಗೆಂದೇ ಪಿಷ್ಟಪಾಕಾಧ್ಯಾಯವನ್ನು ಮೀಸಲಿಟ್ಟ. ಆದರೆ ‘ಮಾನಸೋಲ್ಲಾಸ’ದ ಅಡುಗೆಮನೆ ಅರಮನೆಯದು. ಅದರಲ್ಲಿ ವಡೆ ಇದ್ದ ಮಾತ್ರಕ್ಕೆ ದೋರಸಮುದ್ರದ, ಎಂದರೆ ಅಂದಿನ ಹಳೇಬೀಡಿನ, ಬೀದಿಯಲ್ಲಿ ವಡೆ ಮಾರುತ್ತಿದ್ದರೆಂದು ಹೇಳಲಾಗದು. ನಮ್ಮ ಜನಪ್ರಿಯ ಲೇಖನಗಳಲ್ಲಿ ಈ ನೆಗೆತ ತೀರಾ ಸಲೀಸಾಗಿಬಿಟ್ಟಿದೆ.

ಪರದೇಶದಲ್ಲಿ ತನ್ನೂರಿನ ಊಟ ಹುಡುಕಿದವನ ಕೊರಗು ಕನ್ನಡ ನಾಡಿನಿಂದಲೇ ದಾಖಲಾಗಿದೆ, ದಿಕ್ಕು ಮಾತ್ರ ಬೇರೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿಯ ಸುಲ್ತಾನನ ಮನೆಯ ಊಟವನ್ನು ಬಡಿಸಿದ ಕ್ರಮದಲ್ಲೇ ಬರೆದಿಟ್ಟಿದ್ದಾನೆ: ಅನ್ನ, ತುಪ್ಪ, ಮೆಣಸು ಶುಂಠಿ ನಿಂಬೆ ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಹನ್ನೊಂದು ತಿಂಗಳು ಅಲ್ಲಿದ್ದರೂ ರೊಟ್ಟಿಯ ಮುಖ ಕಾಣಲಿಲ್ಲವೆಂದೂ ಹೇಳುತ್ತಾನೆ.

ಇನ್ನು ದಾರಿಯಲ್ಲಿ ಏನು ತಿನ್ನಬಹುದೆಂದು ಗೆರೆ ಎಳೆದ ಮುಸುರೆಯ ವಿಚಾರ. ಮಡಿಯ ಅಡುಗೆಮನೆ ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನಲ್ಲಿ ಬೆಂದ ಅನ್ನ, ಸಾರು, ಹುಳಿ ಮುಸುರೆ. ಮುಟ್ಟಿದರೆ ಕೈ ತೊಳೆಯಬೇಕು, ಕಂಡವರ ಕೈಯಿಂದ ಉಣ್ಣುವಂತಿಲ್ಲ. ಎಣ್ಣೆಯಲ್ಲೋ ತುಪ್ಪದಲ್ಲೋ ಕರಿದದ್ದು, ಹುರಿದದ್ದು, ಅವಲಕ್ಕಿ, ಹುರಿಗಡಲೆ, ಪುರಿ ಇವಕ್ಕೆ ಆ ಕಟ್ಟು ಸಡಿಲ. ರವೆಯನ್ನು ಮೊದಲು ಹುರಿದುಕೊಂಡರೆ ಉಪ್ಪಿಟ್ಟೂ ಅನೇಕ ಮನೆಗಳಲ್ಲಿ ಒಪ್ಪತ್ತಿನ ರಾತ್ರಿಯ ಫಲಾಹಾರಕ್ಕೆ ಆಗುತ್ತಿತ್ತು. ಇಡ್ಲಿ ಮುಸುರೆಯೋ ಅಲ್ಲವೋ ಎಂಬುದರಲ್ಲಿ ಮನೆಯಿಂದ ಮನೆಗೆ ಭೇದ. ಊಟ, ತಿಂಡಿ ಎಂದು ನಾವು ಇಂದಿಗೂ ಎರಡು ಮಾತು ಬಳಸುವುದರ ಹಿಂದೆ ಹೊತ್ತಿನ ವ್ಯತ್ಯಾಸದ ಜೊತೆಗೆ ಈ ಗೆರೆಯೂ ಇದೆ. ಊಟ ಮನೆಯದು, ಜಾತಿಯದು. ತಿಂಡಿ ಗೆರೆಯನ್ನು ದಾಟಬಲ್ಲದು. ಮೂರು ದಿನದ ದಾರಿಗೆ ಮೊಸರನ್ನದ ಬುತ್ತಿ ಮೊದಲ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಚಕ್ಕುಲಿ, ಕೋಡುಬಳೆ, ರವೆಉಂಡೆ, ಅವಲಕ್ಕಿ. ಮಡಿಯ ಗೊಡವೆಯಿಲ್ಲದ ಗಾಡಿಯವರು ಮರದ ಕೆಳಗೆ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದರು, ಇಲ್ಲವೇ ಒಣರೊಟ್ಟಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತಿದ್ದರು. ಮುದ್ದೆಯನ್ನು ಬಿಸಿಯಲ್ಲೇ ಉಣ್ಣಬೇಕು, ಸಾರು ತುಳುಕುತ್ತದೆ. ಅವೆರಡೂ ದಾರಿಗೆ ಹೊರಡಲೇ ಇಲ್ಲ.

ಈ ಗೆರೆಯ ಮೇಲೆ ರೈಲು ಬಂದು ನಿಂತಿತು. ಬೆಂಗಳೂರಿನಿಂದ ಹರಿಹರದ ಕಡೆಯ ಮೀಟರ್‌ಗೇಜ್ ಹಾದಿ ಪೂರ್ತಿಯಾದದ್ದು 1889ರಲ್ಲಿ. ಮೈಸೂರು, ಹಾಸನದ ಹಾದಿ ಬಂದು ಕೂಡಿದ್ದು 1910ರ ದಶಕದ ಕೊನೆಗೆ. ಅಲ್ಲಿಂದ ಅರಸೀಕೆರೆ ಜಂಕ್ಷನ್ನಾಯಿತು. ಉಗಿಬಂಡಿಯ ಕಾಲದಲ್ಲಿ ಜಂಕ್ಷನ್ನೆಂದರೆ ಕಾಯುವ ಜಾಗ. ಎಂಜಿನ್ನಿಗೆ ನೀರು ತುಂಬಬೇಕು, ಆಚೆಯ ಗಾಡಿ ಬರಬೇಕು. ಕಾಯುವವರಿಗೆ ಹಸಿವಾಗುತ್ತದೆ. ಮದ್ದೂರು ವಡೆ 1917ರ ಸುಮಾರಿಗೆ ಆ ಊರಿನ ನಿಲ್ದಾಣದಲ್ಲಿ ಹುಟ್ಟಿತೆಂಬ ಪ್ರತೀತಿಯನ್ನು ಕೇಳದವರಿಲ್ಲ. ಆ ಕಥೆಯ ವಿವರಗಳಿಗಿಂತ ನನಗೆ ಮುಖ್ಯವೆನಿಸುವುದು ಅದರ ಆಕಾರ: ಎಣ್ಣೆಯಲ್ಲಿ ಕರಿದದ್ದು, ಸಾರು ಬೇಡದ್ದು, ಕಿಟಕಿಯಿಂದ ಒಂದೇ ಕೈಗೆ ಕೊಡಬಹುದಾದದ್ದು, ಎರಡು ದಿನ ಇಟ್ಟರೂ ಕೆಡದ್ದು. ಅವಸರದ ಗಾಡಿಗೂ ಮಡಿಯ ಮನಸ್ಸಿಗೂ ಅದು ಒಟ್ಟಿಗೇ ಒಗ್ಗಿತು.

ಅರಸೀಕೆರೆಯ ವಿಶೇಷ ತೆಂಗು. ಸುತ್ತಲಿನ ಹಳ್ಳಿಗಳಲ್ಲಿ ಕಾಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷ ಬಿಡುತ್ತಾರೆ; ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವ ಉಂಡೆಕೊಬ್ಬರಿಯಾಗುತ್ತದೆ. ತಿಪಟೂರಿನಂತೆ ಇಲ್ಲಿಯ ಮಾರುಕಟ್ಟೆಯಿಂದಲೂ ಅದು ಉತ್ತರ ಭಾರತಕ್ಕೆ ಹೋಗುತ್ತದೆ. ಕೊಬ್ಬರಿ, ಬೆಲ್ಲ, ಹುರಿಗಡಲೆ ಕಟ್ಟಿಕೊಂಡರೆ ಒಲೆಯೇ ಬೇಡದ ಬುತ್ತಿ. ಹಸಿಕಾಯಿಯ ಪಾಲು ಚಟ್ನಿಗೆ. ಮೀಟರ್‌ಗೇಜಿನಲ್ಲಿ ಓಡಾಡಿದವರಿಗೆ ನೆನಪಿರಬೇಕು: ಬಿದಿರ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದಾಗ ಬರುವ ಹಬೆ, ಮುತ್ತುಗದ ಎಲೆಯ ಮೇಲೆ ಎರಡು ಇಡ್ಲಿ ಒಂದು ವಡೆ, ತೂಕ ತಾಳದೆ ಬಾಗುವ ಎಲೆಯ ತುದಿಯಿಂದ ಮೊಣಕೈವರೆಗೆ ಇಳಿಯುವ ನೀರುಚಟ್ನಿ. ಇದೇ ನಿಲ್ದಾಣದಲ್ಲಿ ಮೈಸೂರು ಕಡೆಯವರು ‘ಪುರಿ’ ಕೇಳುತ್ತಾರೆ, ದಾವಣಗೆರೆ ಕಡೆಯವರು ‘ಮಂಡಕ್ಕಿ’ ಕೇಳುತ್ತಾರೆ, ವಸ್ತು ಒಂದೇ.

ನೆನಪು ಸಿಹಿಯಾದ ಮಾತ್ರಕ್ಕೆ ಚರಿತ್ರೆಯನ್ನು ಸಿಹಿ ಮಾಡಬಾರದು. ಆ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ ನೀರು, ಮುಸಲ್ಮಾನರಿಗೆ ಬೇರೆ ನೀರು. ಉಪಾಹಾರದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗ. ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದವರು ಊರೂರಿನಲ್ಲಿ ತೆರೆದ ಹೋಟೆಲುಗಳಿಗೂ ಇದೇ ಕಟ್ಟು. ಕೋಟದ ಕಡೆಯವರು ಬೆಂಗಳೂರಿನಲ್ಲಿ ಹೋಟೆಲು ಇಡುವುದು ಕಾರಂತರ ‘ಮರಳಿ ಮಣ್ಣಿಗೆ’ಯಲ್ಲೇ ಬರುತ್ತದೆ. ಕೋಟ ಸೀಮೆಯ ಮಯ್ಯರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಇಂದಿನ ಎಂಟಿಆರ್‌ಗೆ ಮೊದಲಿದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಡುಗೆಯವರು ಯಾರೆಂದು ಆ ಹೆಸರೇ ಗಿರಾಕಿಗೆ ಭರವಸೆ ಕೊಡುತ್ತಿತ್ತು. ಆ ಭರವಸೆಯಿಂದಲೇ ಹೋಟೆಲಿನ ಅನ್ನಕ್ಕೂ ಜನ ಒಗ್ಗಿದರು. ಆದರೆ ದಲಿತ ಪ್ರಯಾಣಿಕರ ಪಾಲಿಗೆ ಅದೇ ಫಲಕ ಮುಚ್ಚಿದ ಬಾಗಿಲು. ಕೈಯಲ್ಲಿ ಕಾಸಿದ್ದೂ ಹಸಿದು ಹೋದವರ ಲೆಕ್ಕವನ್ನು ಯಾವ ಗೆಜೆಟಿಯರೂ ಇಡಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿಯೇ ಜಾತಿಯ ಅಡ್ಡಿಯನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯ ಬಲ ಕೊಟ್ಟಿತು. ಈ ನಾಡಿನ ತಿಂಡಿಯ ಚರಿತ್ರೆಯಲ್ಲಿ ಇವಕ್ಕಿಂತ ದೊಡ್ಡ ತಾರೀಖುಗಳನ್ನು ನಾನು ಕಾಣೆ.

ಆಮೇಲಿನದು ಬಲ್ಲ ಕಥೆ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್ ರವೆ ಇಡ್ಲಿ ಮಾಡಿತು. ಅದೇ ಎಂಟಿಆರ್ 2013ರಲ್ಲಿ ಸಿಂಗಪುರದಲ್ಲಿ ಬಾಗಿಲು ತೆರೆಯಿತು. ಉಡುಪಿಯವರು ಮದರಾಸಿನಲ್ಲಿ ಕಟ್ಟಿದ ವುಡ್‌ಲ್ಯಾಂಡ್ಸ್ ಹೆಸರು ಲಂಡನ್ನಿಗೂ ಹೋಯಿತು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ 1984ರಲ್ಲಿ ರಾಕೇಶ್ ಶರ್ಮಾ ಅವರಿಗೆ ಬಾಹ್ಯಾಕಾಶಕ್ಕೆ ಕಟ್ಟಿಕೊಟ್ಟ ಬುತ್ತಿಯಲ್ಲಿ ಸೂಜಿ ಹಲ್ವವಿತ್ತು, ಎಂದರೆ ಹುರಿದ ರವೆಯ ಸಿಹಿ. ಒಪ್ಪತ್ತಿನ ಫಲಾಹಾರಕ್ಕೆ ಒಪ್ಪಿಗೆಯಾಗಿದ್ದ ವಸ್ತುವೇ ಭೂಮಿ ಬಿಟ್ಟು ಹೋಗುವುದಕ್ಕೂ ಒಪ್ಪಿಗೆಯಾಯಿತು. ಇತ್ತ ಅರಸೀಕೆರೆಯಲ್ಲಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ಗಾಡಿ ನಿಲ್ಲುವ ಹೊತ್ತು ಮೊಟಕಾಯಿತು, ಹವಾನಿಯಂತ್ರಿತ ಡಬ್ಬಿಯ ಕಿಟಕಿ ತೆರೆಯುವುದೇ ಇಲ್ಲ. ಬುಟ್ಟಿಯವರು ಈಗ ಡಬ್ಬಿಯೊಳಗೇ ಹತ್ತಿ ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಾರೆ.

ಹಳೇಬೀಡಿನ ಮಾತೇ ಬೇರೆ. 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಬರುವವರು ದೇಶದೇಶದವರು. ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾದಲ್ಲಿ ಊಟ ಸಿಗುತ್ತದೆ. ಆದರೆ ಹೊಯ್ಸಳೇಶ್ವರ ಗುಡಿಯಿಂದ ಬಿಸಿಲಿಗೆ ಬಸವಳಿದು ಹೊರಬಂದವರು ಮೊದಲು ನಿಲ್ಲುವುದು ಎಳನೀರು, ಕಡಲೆಕಾಯಿ, ಸೌತೆಕಾಯಿ ಮಾರುವವರ ಮುಂದೆ. ಮುಸುರೆಯ ಕಟ್ಟು ಅತಿ ಬಿಗಿಯಾಗಿದ್ದ ದಿನಗಳಲ್ಲೂ ಬೆಂಕಿ ಕಾಣದ ಕಾಯಿ, ಹಣ್ಣಿಗೆ ಅದು ಅಷ್ಟಾಗಿ ತಟ್ಟುತ್ತಿರಲಿಲ್ಲ; ಅದನ್ನು ಹೆಚ್ಚುಕಡಿಮೆ ಯಾರ ಕೈಯಿಂದಲೂ ಕೊಳ್ಳಬಹುದಿತ್ತು. ಪೊಟ್ಟಣಕ್ಕೆ ಸೇರದೆ, ವಿಮಾನ ಹತ್ತದೆ ಅದು ಗುಡಿಯ ಮುಂದೆಯೇ ಉಳಿದಿದೆ. ಸೌತೆಕಾಯಿ ಮಾರುವ ಹೆಂಗಸು ಸಿಪ್ಪೆ ಹೆರೆದು, ಕಾಯನ್ನು ನೆಟ್ಟಗೆ ಹಿಡಿದು, ಮೇಲಿನಿಂದ ಎರಡು ಸೀಳು ಹಾಕುತ್ತಾರೆ. ಬುಡ ಮಾತ್ರ ಕತ್ತರಿಸುವುದಿಲ್ಲ. ಕಾಯಿ ನಾಲ್ಕು ದಳದ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಒಳಗೆ ಉಪ್ಪುಖಾರ ಸವರಿ, ಮುಚ್ಚಿ, ಕೈಗಿಡುತ್ತಾರೆ.